ಮುನ್ನೂರು ವರ್ಷದ ಹಿಂದಿನ ಕಮಾನು

ಕಾಗವಾಡದಿಂದ ಮಿರಜಕ್ಕೆ ಅರ್ಧ ಗಂಟೆಯೊಳಗಿನ ದಾರಿ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ತಂಬೂರಿ ಕೊಳ್ಳಬೇಕೆಂದವರು, ಹಾಡು ಕಲಿಯಬೇಕೆಂದವರು ತಲೆಮಾರುಗಳಿಂದ ಆ ದಾರಿ ತುಳಿದಿದ್ದಾರೆ. ಉಸ್ತಾದ್ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದು ಮಿರಜದಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಸಿತಾರ್ ಮತ್ತು ತಂಬೂರಿ ಮಾಡುವ ಮನೆತನಗಳು ಇರುವುದೂ ಅಲ್ಲೇ. ಇಲ್ಲಿ ಮಾತಾಡುವ ಇಬ್ಬರೂ ಆ ಸೀಮೆಯವರು. ಒಬ್ಬರು ಶೇಡಬಾಳದ ಕಡೆಯ ಹಿರಿಯರು. ನಾಟಕದ ಪದಕ್ಕೆ, ಭಜನೆಗೆ, ತಬಲಾದವರ ಹಿಂದೆ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುವ ಲೆಹರಾಕ್ಕೆ ವಯೋಲಿನ್ ಹಿಡಿದು ವಯಸ್ಸಾದವರು. ಇನ್ನೊಬ್ಬಳು ನಿಪ್ಪಾಣಿಯ ಹುಡುಗಿ. ಅವರ ಹತ್ತಿರವೇ ನೆಲದ ಮೇಲೆ ಕುಳಿತು ಸಾ-ಪಾ ಕಲಿತಳು, ಆಮೇಲೆ ಮುಂಬೈಯಲ್ಲಿ ಪಾಶ್ಚಾತ್ಯ ಪದ್ಧತಿ ಕಲಿತಳು. ಈಗ ಬರೋಕ್ ವಯೋಲಿನ್ ಒಂದನ್ನೇ ಬದುಕಾಗಿಸಿಕೊಳ್ಳುತ್ತೇನೆಂದು ಹಾಲೆಂಡಿನ ಹೇಗ್ ನಗರದ ರಾಯಲ್ ಕನ್ಸರ್ವೇಟರಿಗೆ ಹೊರಟಿದ್ದಾಳೆ. ಬರೋಕ್ ಎಂದರೆ ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ ಸಂಗೀತ, ಮಾಂಟೆವರ್ಡಿಯಿಂದ ಬಾಖ್‌ವರೆಗಿನದು. ಇವರ ವಾದ ಇವರಿಬ್ಬರದಷ್ಟೇ ಅಲ್ಲವೆಂದು ಹೆಸರು ಹಾಕಿಲ್ಲ.

ಹಿರಿಯರು: ವಯೋಲಿನ್ ಕಲಿಯಾಕ ಹೊಂಟೇನಿ ಅಂದ್ರ ನಾ ಬ್ಯಾಡ ಅನ್ನಾಂವ ಅಲ್ಲ ತಂಗಿ. ಆದ್ರ ವಯೋಲಿನ್‌ದಾಗೂ ಒಂದ ಖಂಡದ್ದ, ಒಂದ ಕಾಲದ್ದ ಅಷ್ಟ ಬಾರಸ್ತೇನಿ ಅಂದ್ರ ಹೊಟ್ಟಿ ತುಂಬೂದ ಹ್ಯಾಂಗ?

ಹುಡುಗಿ: ನೀವೂ ನಾಟಕದ ಪದಕ್ಕ ಸಾಥ್ ಮಾಡಿನ ದಿನಾ ಕಳದೀರಲ್ಲರಿ ಗುರೂಜಿ.

ಹಿರಿಯರು: ದಿನಾ ಕಳದೇನಿ ಖರೆ, ಸಂಸಾರ ನಡಸಿಲ್ಲ. ಸಂಸಾರ ನಡಸಿದ್ದು ಕಬ್ಬು. ವರ್ಷಾ ಉಗಾರ ಫ್ಯಾಕ್ಟರಿಗೆ ಕಬ್ಬ ಹೋಗತಿತ್ತು, ಬಿಲ್ ಬರತಿತ್ತು. ವಯೋಲಿನ್‌ಲೆ ಬಂದ ರೊಕ್ಕ ತಂತಿಗೆ, ರಾಳಕ್ಕ, ಬಸ್ ಚಾರ್ಜಿಗೆ ಸರಿಹೋಗತಿತ್ತು. ನಿಮ್ಮಪ್ಪಗ ಹೊಲ ಇಲ್ಲ. ತಂಬಾಕದ ವಖಾರಿಯೊಳಗ ಲೆಕ್ಕಾ ಬರಿಯೂ ನೌಕರಿ. ಅದಕ್ಕ ಕೇಳಾಕತ್ತೇನಿ.

ಹುಡುಗಿ: ಖಾಯಂ ನೌಕರಿ ಅಂತ ಭಾಳ ಕಡೆ ಇಲ್ಲರಿ. ಒಂದ ಮೇಳದವರು ಒಂದ ಕಾರ್ಯಕ್ರಮಕ್ಕ ಕರೀತಾರ. ಕೆಲವ ದಿನಾ ತಾಲೀಮು, ಆಮ್ಯಾಲ ನಾಕೈದ ಊರಾಗ ಕಚೇರಿ, ಅಲ್ಲಿಗೆ ಮುಗೀತು. ಮತ್ತ ಮುಂದಿನ ಕರಿ ಬರೂತನಕ ಕಾಯೂದು. ಹಾಲೆಂಡಿನಾಗ ಈಸ್ಟರ್ ಹಬ್ಬದ ಮುಂದ ಮಾತ್ರ ಕೆಲಸಾ ಭಾಳ. ಬಾಖ್‌ನ ಮ್ಯಾಥ್ಯೂ ಪ್ಯಾಶನ್, ಜಾನ್ ಪ್ಯಾಶನ್ ಅಂತ ಏಸುವಿನ ಮರಣದ ಕಥಿ ಹಾಡೂ ದೊಡ್ಡ ಕೃತಿ ಅದಾವು. ಊರೂರಿನ ಚರ್ಚಿನಾಗ ಅವನ್ನ ಇಡತಾರ. ನೆದರ್ಲೆಂಡ್ಸ್ ಬಾಖ್ ಸೊಸೈಟಿ ಅಂತ 1921ರಾಗ ಹುಟ್ಟಿದ ಸಂಸ್ಥೆ ಐತಿ. ನಾರ್ಡೆನ್ ಊರಾಗ ಅವರು ಮ್ಯಾಥ್ಯೂ ಪ್ಯಾಶನ್ ಮಾಡೂದು ನೂರ ವರ್ಷದ ರೂಢಿ.

ಹಿರಿಯರು: ಅಂದ್ರ ಸೀಜನ್ ಕೆಲಸಾ. ಭಾರತ ಹುಣ್ಣಿವಿಗೆ ಚಿಂಚಲಿ ಮಾಯಕ್ಕನ ಜಾತ್ರಿಯೊಳಗ ನಾಟಕದವರಿಗೆ ಕೈತುಂಬ ಕೆಲಸಾ ಇರತೈತಿ. ಆಮ್ಯಾಲ ಮಳಿಗಾಲ. ನಾ ಆ ಮಳಿಗಾಲ ಕಂಡಾಂವ ತಂಗಿ.

ಹುಡುಗಿ: ಮಳಿಗಾಲಕ್ಕ ಅಲ್ಲಿಯವರು ಹುಡುಗರಿಗೆ ಕಲಸ್ತಾರ್ರಿ, ಈಗಿನ ಕಾಲದ ವಯೋಲಿನ್ನೂ ಬಾರಸ್ತಾರ. ಬ್ಯಾರೆ ಕೆಲಸಾ ಹಿಡದವರೂ ಅದಾರ. ಸುಳ್ಳ ಹೇಳಿ ಹೋಗೂದಿಲ್ಲರಿ ನಾ. ಭಾರತದಾಗ ಇದಕ್ಕ ಅನ್ನ ಇನ್ನೂ ಕಡಿಮಿ. ಮುಂಬೈಯಾಗ 2006ರಾಗ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಸುರು ಆತು, ಅದು ಈಗಿನ ವಾದ್ಯದ ಮೇಳ. ಬೆಂಗಳೂರಾಗ, ಗೋವಾದಾಗ ಕಲಸೂ ಶಾಲಿ ಅದಾವು. ಆದ್ರ ಬರೋಕ್ ಒಂದನ್ನ ಹಿಡದ ಜೀವನಾ ಮಾಡಬೇಕಂದ್ರ ಹೊರಗ ಹೋಗಬೇಕ.

ಹಿರಿಯರು: ಹಂಗಿದ್ರ ಈಗಿನದನ್ನ ಹಿಡಿ, ಹಳೀದನ್ನೂ ಬಾರಸು. ಒಂದಕ್ಕ ಯಾಕ ಕಟ್ಟಕೊಂಡ ಬೀಳತಿ?

ಹುಡುಗಿ: ಕೈ ಬ್ಯಾರೆ ಆಗತೈತ್ರಿ. ನಿಮ್ಮ ಹತ್ರ ಕಲಿಯಾಗ ವಯೋಲಿನ್ ತಲಿ ಕಾಲಿನ ಮ್ಯಾಲ ಇರತಿತ್ತು, ಎಡಗೈಗೆ ಭಾರ ಇರಲಿಲ್ಲ, ಬೇಕಾದ ಕಡೆ ಜಾರತಿತ್ತು. ಮುಂಬೈಗೆ ಹೋದಮ್ಯಾಲ ನಿಂತ, ಗದ್ದದ ಕೆಳಗ ಒತ್ತಿ ಹಿಡಿಯಾಕ ಕಲತೆ. ಬರೋಕ್ ವಯೋಲಿನ್ನಿಗೆ ಗದ್ದಾ ಇಡೂ ಪಟ್ಟಿನ ಇಲ್ಲ. ಸಿಗಿಸ್ವಾಲ್ಡ್ ಕೌಕೆನ್ ಅಂತ ಬೆಲ್ಜಿಯಂದವರು 1969ರ ಸುಮಾರಿಗೆ ಗದ್ದಾ ಬಿಟ್ಟ ಹಿಡಿಯೂ ಹಳೆ ರೀತಿ ಮತ್ತ ಸುರು ಮಾಡಿದ್ರು. ಮುಂದ ಹೇಗ್‌ನಾಗ ಅದನ್ನ ಕಲಸಿದ್ರು. ಗದ್ದಾ ಬಿಟ್ರ ವಾದ್ಯಾ ಎಡಗೈ ಮ್ಯಾಲ ನಿಂದರತೈತಿ. ಕೈ ಮ್ಯಾಲ ಕೆಳಗ ಹಾರಸಾಕ ಬರೂದಿಲ್ಲ, ತೆವಳಸಬೇಕ. ಅದರಿಂದ ಎಲ್ಲೆ ಸ್ವರಾ ಒಡೀಬೇಕ, ಎಲ್ಲೆ ಕೂಡಸಬೇಕ ಅನ್ನೂದು ಕೈನ ಹೇಳತೈತಿ. ಕಮಾನು ಗಿಡ್ಡ, ಕಡ್ಡಿ ಹೊರಗ ಬಾಗಿರತೈತಿ ಇಲ್ಲಂದ್ರ ನೆಟ್ಟಗಿರತೈತಿ. ಕೆಳಗ ಎಳದ್ರ ಜೋರು, ಮ್ಯಾಲ ಒತ್ತಿದ್ರ ಹಗುರ.

ಹಿರಿಯರು: ಸಿತಾರಿನಾಗ ದಾ ಮತ್ತ ರಾ ಇದ್ದಾಂಗ.

ಹುಡುಗಿ: ಹೌದ್ರಿ. ಈಗಿನ ಕಮಾನು ಫ್ರಾನ್ಸಿನ ತೂರ್ತ್ ಅನ್ನಾಂವ 1780ರ ದಶಕದ ಸುಮಾರಿಗೆ ತಿದ್ದಿದ್ದು. ಎರಡೂ ಕಡಿ ಒಂದ ಸಮನ ಎಳದ ಹಾಡಸೂ ಸಲುವಾಗಿ ಮಾಡ್ಯಾರ. ವಯೋಲಿನ್ ಕುತ್ತಗಿನೂ ಆಮ್ಯಾಲ ಉದ್ದ ಮಾಡಿದ್ರು. ಸ್ಟ್ರಾಡಿವಾರಿ ಮಾಡಿದ ವಾದ್ಯಾನೂ ಬಿಡಲಿಲ್ಲ, ಹೆಚ್ಚಾಗಿ ಎಲ್ಲಾದರ ಕುತ್ತಗಿ ಬದಲಾಗೇತಿ. ಎರಡ ದೋಣಿಯೊಳಗ ಕಾಲಿಟ್ರ ನನಗ ಎರಡೂ ಬರೂದಿಲ್ಲ ಅನಸೇತ್ರಿ.

ಹಿರಿಯರು: ತಂತಿ ಯಾವುದು? ಅದನ್ನ ಹೇಳು.

ಹುಡುಗಿ: ಕುರಿ ಕರುಳಿಂದು.

ಹಿರಿಯರು: ನಿಮ್ಮಜ್ಜಿಗೆ ಹೇಳೀಯೇನು?

ಹುಡುಗಿ: ಹೇಳೇನ್ರಿ. ಎರಡ ದಿನಾ ಮಾತಾಡಲಿಲ್ಲ.

ಹಿರಿಯರು: ಮಾತಾಡೂದ ಹ್ಯಾಂಗ? ನಮ್ಮ ಜೈನ ಮುನಿಗಳೊಳಗ ಶಾಂತಿಸಾಗರ ಮಹಾರಾಜರು ಭೋಜದವರು, ವಿದ್ಯಾನಂದರು ನಮ್ಮ ಶೇಡಬಾಳದವರು, ವಿದ್ಯಾಸಾಗರರು ಸದಲಗಾದವರು. ಇಂಥಾ ನೆಲದಾಗ ಹುಟ್ಟಿ, ಸೂರ್ಯ ಮುಳಗೂದ್ರಾಗ ಊಟಾ ಮುಗಸೂ ಮನಿ ಹುಡುಗಿ, ಕರುಳಿನ ತಂತಿ ಮ್ಯಾಲ ಬಟ್ಟ ಇಡತಿ ಅಂದ್ರ?

ಹುಡುಗಿ: ಪೂಜಾದಾಗ ತಬಲಾ ಇರತೈತಿ, ಅದರ ಬಾಯಿಗೆ ತೊಗಲ ಐತಿ. ಸಾರಂಗಿಗೂ ಕರುಳಿನ ತಂತಿನ ಐತ್ರಿ. ಆದ್ರ ಆ ಮಾತ ಹೇಳಿ ಅಜ್ಜಿ ಬಾಯಿ ಮುಚ್ಚಸೂ ಮನಸ್ಸ ನನಗ ಇಲ್ಲ. ಇಟಲಿಯ ಅಕ್ವಿಲಾ ಕಂಪನಿ ನೈಲ್‌ಗಟ್ ಅಂತ ಕರುಳಿನಂಥಾ ಕೃತಕ ತಂತಿ ಮಾಡತೈತಿ. ಮನ್ಯಾಗ ಅದನ್ನ ಹಚ್ಚೇನ್ರಿ. ಆದ್ರ ಮೇಳದಾಗ ಕರುಳಿಂದ ಕೇಳತಾರ. ಕಮಾನು ಮುಟ್ಟಿದ ಕೂಡಲೆ ಅದರಾಗ ಒಂದ ಗರಗರ ಹುಟ್ಟತೈತಿ, ಬಾಯಿಂದ ಅಕ್ಷರ ಹೊಂಟಾಂಗ. ಕೃತಕದ್ದರಾಗ ಅದು ಅರ್ಧ ಬರತೈತಿ. ಆ ಅರ್ಧಕ್ಕ ನಾ ಎಷ್ಟ ಬೆಲಿ ಕೊಡಬೇಕ ಅನ್ನೂದು ಇನ್ನೂ ತಿಳೀವಲ್ದು.

ಈ ಒಂದು ಜಾಗದಲ್ಲಿ ನಾನು ಹುಡುಗಿಯ ಪರ ನಿಲ್ಲಲಾರೆ, ಹಿರಿಯರ ಪರವೂ ನಿಲ್ಲಲಾರೆ. ಕಲೆಯ ಶುದ್ಧತೆ ಮತ್ತು ಮನೆಯ ಅಹಿಂಸೆ ಎದುರುಬದುರಾದಾಗ ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಈ ಸೀಮೆಯವರಿಗೆ ಅದು ಹಾಗಲ್ಲ. ಹುಡುಗಿ ಅಜ್ಜಿಯ ಬಾಯಿ ಮುಚ್ಚಿಸಲು ಒಪ್ಪದಿದ್ದುದು ನನಗೆ ಅವಳ ಮೇಲೆ ಗೌರವ ಹುಟ್ಟಿಸಿತು. ಬರೋಕ್ ಕಲಾವಿದರ ಬದುಕಿನ ಬಗ್ಗೆ ಬರೆಯುವವರು ಕಚೇರಿ, ಧ್ವನಿಮುದ್ರಿಕೆಗಳ ಮಾತಾಡುತ್ತಾರೆ. ತಂತಿ ಎಲ್ಲಿಂದ ಬರುತ್ತದೆಂಬ ಪ್ರಶ್ನೆ ಭೋಜ, ಸದಲಗಾಗಳ ಕಡೆಯಿಂದ ಹೊರಟವರಿಗೆ ಮೊದಲು ಎದುರಾಗುತ್ತದೆ.

ಹಿರಿಯರು: ಈಗ ಮೂಲಕ್ಕ ಬರೂಣು. ಈ ಹಳೆ ರೀತಿ ನಿಮಗ ಕಲಸಿದವರು ಯಾರು? ನಿನ್ನ ಗುರುವಿನ ಗುರು ಯಾರು, ಅವರ ಗುರು ಯಾರು? ಬಾಖ್‌ತನಕ ಹೋಗತೈತೇನು ದಾರಿ?

ಹುಡುಗಿ: ಇಲ್ಲರಿ. ನಡುವ ಹರದೇತಿ. 1750ಕ್ಕ ಬಾಖ್ ಹೋದ, ಆಮ್ಯಾಲ ವಾದ್ಯಾ ಬದಲಾತು, ಕಮಾನು ಬದಲಾತು, ರುಚಿ ಬದಲಾತು. 1933ರಾಗ ಸ್ವಿಟ್ಜರ್ಲೆಂಡಿನ ಬಾಸೆಲ್‌ನಾಗ ಹಳೆ ಸಂಗೀತಕ್ಕ ಅಂತ ಶಾಲಿ ಸುರು ಆತು. 1953ರಾಗ ವಿಯೆನ್ನಾದಾಗ ಹಾರ್ನನ್‌ಕೋರ್ಟ್ ಅನ್ನಾವರು ಹಳೆ ವಾದ್ಯದ ಮೇಳ ಕಟ್ಟಿದ್ರು. ಅವರೆಲ್ಲಾ ಪುಸ್ತಕಾ ಓದಿ, ಚಿತ್ರಾ ನೋಡಿ, ಹಳೆ ವಾದ್ಯಾ ಬಿಚ್ಚಿ ಕಲತವರು. ಜೆಮಿನಿಯಾನಿ ಅನ್ನಾಂವ 1751ರಾಗ ಲಂಡನ್ನಿನಾಗ ವಯೋಲಿನ್ ಬಾರಸೂ ಪುಸ್ತಕಾ ತಂದಿದ್ದ. ಮೊಜಾರ್ಟ್‌ನ ಅಪ್ಪ ಲಿಯೋಪೋಲ್ಡ್ 1756ರಾಗ ಇನ್ನೊಂದು ತಂದ. ಕಮಾನು ತಂತಿಗೆ ಮುಟ್ಟೂ ಮೊದಲನೇ ಕ್ಷಣದಾಗ ಎಷ್ಟ ಮೆತ್ತಗಿರಬೇಕ ಅಂತ ಅದರಾಗ ಬರದಾನ್ರಿ.

ಹಿರಿಯರು: ಪುಸ್ತಕದಿಂದ ಹಾಡ ಎಬ್ಬಸ್ತಾರಂತ! ನಿನಗ ಗಂಧಾರ ಏರೇತಿ ಅಂತ ಹೇಳಿದ್ದು ಯಾರು? ನಾ ಎದುರಿಗೆ ಕೂತ ಹೇಳಿದ್ದು. ಪುಸ್ತಕಾ ಕಿವಿ ಹಿಂಡತೈತೇನು? ಹರದ ದಾರ ಜೋಡಸಬಹುದು, ಆದ್ರ ಅದು ಪರಂಪರಾ ಅಲ್ಲ ತಂಗಿ, ತಪಾಸ.

ಹುಡುಗಿ: ತಪಾಸ ಅಂದ್ರೂ ಬೇಜಾರಿಲ್ಲರಿ. ನಿಮ್ಮ ಕೂಡ ಒಂದ ಮಾತ ಕೇಳಲೇನು? ಮಾಂಟೆವರ್ಡಿಯ ‘ಓರ್ಫೆಯೊ’ 1607ರಾಗ ಇಟಲಿಯ ಮಾಂಟುವಾದಾಗ ಆಡಿದ ಸಂಗೀತ ನಾಟಕ. ಅದ ಹೊತ್ತಿಗೆ ವಿಜಾಪುರದಾಗ ಎರಡನೇ ಇಬ್ರಾಹಿಂ ಆದಿಲಶಾಹಿ ಇದ್ದ. ತಾನ ತಂಬೂರ ಬಾರಸ್ತಿದ್ದ, ಅದಕ್ಕ ಮೋತಿಖಾನ ಅಂತ ಹೆಸರಿಟ್ಟಿದ್ದ. ‘ಕಿತಾಬ್-ಎ-ನವರಸ್’ ಬರದ. ನಮ್ಮ ಅಥಣಿ ಅವನ ರಾಜ್ಯದಾಗ ಇತ್ತು, ವಿಜಾಪುರದಿಂದ ಗೋವಾಕ್ಕ ಹೋಗೂ ವ್ಯಾಪಾರದ ದಾರಿ ಮ್ಯಾಲ. ಮಾಂಟೆವರ್ಡಿಯ ನಾಟಕದ ಸ್ವರ ಎಲ್ಲಾ 1609ರಾಗ ಅಚ್ಚಾಗೇತಿ, ಇವತ್ತೂ ಬಾರಸಾಕ ಬರತೈತಿ. ಇಬ್ರಾಹಿಮನ ಹಾಡು ಇವತ್ತ ಯಾರ ಹಾಡತಾರ್ರಿ?

ಹಿರಿಯರು: ಮಾತ ಉಳದಾವಲ್ಲ?

ಹುಡುಗಿ: ಮಾತ ಉಳದಾವು, ಮ್ಯಾಲ ರಾಗದ ಹೆಸರ ಉಳದಾವು. ಅವನ ಗಂಟಲಾಗ ಅದು ಹ್ಯಾಂಗ ತಿರಗತಿತ್ತು ಅನ್ನೂದು ಹೋತು.

ಹಿರಿಯರು: ಹೋಗಿಲ್ಲ. ಅಲ್ಲೇ ನೀ ತಪ್ಪತಿ. ಅವ ಭೈರವ ಅಂತ ಬರದಾನ, ಕಲ್ಯಾಣ ಅಂತ ಬರದಾನ, ಕೇದಾರ ಅಂತ ಬರದಾನ. ಆ ರಾಗ ಇವತ್ತೂ ಹಾಡತೀವಿ. ಹಾಡ ಹೋಗಿರಬಹುದು, ಹಾಡೂ ಬುದ್ಧಿ ಹೋಗಿಲ್ಲ. ಅವರದು ಹಾಡ ಉಳದು ಬುದ್ಧಿ ಹೋಗಿತ್ತು, ಅದಕ್ಕ ಅವರಿಗೆ ಪುಸ್ತಕಾ ಬೇಕಾತು.

ಹುಡುಗಿ: ನಾಕನೂರ ವರ್ಷದ ಹಿಂದಿನ ಭೈರವ, ಈಗಿನ ಭೈರವ ಒಂದನ ಅಂತ ನೀವ ಹೆಂಗ ಹೇಳತೀರಿ?

ಹಿರಿಯರು: ಹೇಳೂದಿಲ್ಲ. ಬದಲಾಗಿರತೈತಿ. ಬದಲಾಗಬೇಕ. ಬಾಯಿಂದ ಬಾಯಿಗೆ ಬಂದದ್ದು ಬದಲಾಗತ ಬರತೈತಿ, ಅದಕ್ಕ ಬದಕೇತಿ. ನೀ ಬದಲಾಗದ್ದನ್ನ ಹುಡಕ್ಕೋತ ಹೊಂಟಿ.

ಹುಡುಗಿ: ಬದಲಾಗದ್ದ ಅಲ್ಲರಿ! ಬರದದ್ದ ಬಾರಸೂದು ಅಂದ್ರ ಅಷ್ಟ ಅಂತ ತಿಳದೀರಿ. ಕೊರೆಲ್ಲಿ 1700ರಾಗ ರೋಮಿನಾಗ ಐದನೇ ಓಪಸ್ ಅಂತ ಹನ್ನೆರಡ ಸೊನಾಟಾ ಅಚ್ಚ ಮಾಡಸಿದ. ವಿಳಂಬದ ಭಾಗದಾಗ ಬರೇ ಎಲುವಿನ ಗೂಡ ಬರದಾನ, ಉದ್ದಾನ ಸ್ವರಾ ಅಷ್ಟ. ಅದನ್ನ ತುಂಬೂದು ಬಾರಸಾವರ ಕೆಲಸಾ. 1710ರಾಗ ಆಮ್‌ಸ್ಟರ್‌ಡ್ಯಾಂನಾಗ ರೋಜೆ ಅನ್ನಾಂವ ಇನ್ನೊಂದ ಆವೃತ್ತಿ ತಂದ. ಕೊರೆಲ್ಲಿ ತಾ ಬಾರಸೂವಾಗ ಹ್ಯಾಂಗ ತುಂಬತಿದ್ದ ಅಂತ ಅದರಾಗ ಹಾಕ್ಯಾನ. ನೋಡಿದ್ರ ನಿಮಗ ಗೊತ್ತಾಗತೈತಿ, ಬಂದಿಶ್ ಕೈಯಾಗ ಕೊಟ್ಟ ಬಿಟ್ಟಾಂಗ ಐತಿ.

ಹಿರಿಯರು: ತಪ್ಪ ತುಂಬಿದ್ರ?

ಹುಡುಗಿ: ತಿದ್ದತಾರ್ರಿ. ರಾಗದಾಗ ವರ್ಜ್ಯ ಸ್ವರಾ ಹಚ್ಚಿದ್ರ ನೀವ ತಿದ್ದಿದಾಂಗ. ಕೆಳಗಿನ ಸ್ವರಕ್ಕ ಯಾವುದು ಕೂಡತೈತಿ, ಯಾವುದು ಕೂಡೂದಿಲ್ಲ ಅನ್ನೂ ಕಟ್ಟ ಐತಿ.

ಹಿರಿಯರು: ಶ್ರುತಿ? ಪೇಟಿ ಶ್ರುತಿನ ಅಲ್ಲೇನು?

ಹುಡುಗಿ: ಅಲ್ಲರಿ! ಪೇಟಿ, ಪಿಯಾನೊ ಹನ್ನೆರಡೂ ಸ್ವರಾ ಸಮ ಸಮ ಹಂಚಿದ್ದು. ಅದರಾಗ ಗಂಧಾರ ಏರಿರತೈತಿ ಅಂತ ನೀವ ಯಾವಾಗ್ಲೂ ಬೈತಿದ್ರಿ. ಆ ಕಾಲದ ಹಾರ್ಪ್ಸಿಕಾರ್ಡ್, ಆರ್ಗನ್ ಬ್ಯಾರೆ ಬ್ಯಾರೆ ರೀತಿ ಹಚ್ಚತಿದ್ರು. ಗಂಧಾರ ಶುದ್ಧ ನಿಂದರೂ ಹಂಗ ಹಚ್ಚೂದೂ ಇತ್ತು. ಪಟ್ಟಿನೂ ಕೆಳಗ. ಈಗಿನವರು ‘ಎ’ ಸ್ವರಾ 440 ಹರ್ಟ್ಸಿಗೆ ಹಚ್ಚತಾರ. ಬರೋಕ್‌ದವರು ಭಾಳ ಕಡೆ 415ಕ್ಕ.

ಹಿರಿಯರು: ಅಂದ್ರ ಬಿಳಿ ಆರರಿಂದ ಕರಿ ನಾಕಕ್ಕ ಇಳೀತು. ಕೇಳಾಕ ತಂಪ ಇರತೈತಿ ಬಿಡು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಗೊತ್ತೇನು? ಇಪ್ಪತ್ತೆರಡ ಶ್ರುತಿ ಅಳದು 1910ರಾಗ ಪುಸ್ತಕಾ ತಂದ್ರು. ಕ್ಲೆಮೆಂಟ್ಸ್ ಅನ್ನೂ ಇಂಗ್ಲಿಷ್ ಜಜ್ಜ ಅವರ ಜೋಡಿ ಇದ್ದ. ಅಬ್ದುಲ್ ಕರೀಮ್ ಖಾನರು ಹಾಡಿ ತೋರಸ್ತಿದ್ರು, ಅವರು ಅಳೀತಿದ್ರು. ಶ್ರುತಿ ಪೇಟಿನೂ ಮಾಡಿಸಿದ್ರು. ಯಾರ ಬಾರಸಿದ್ರು? ಯಾರೂ ಬಾರಸಲಿಲ್ಲ. ರೇಡಿಯೋದವರು 1940ರಿಂದ ಸುಮಾರ ಮೂವತ್ತ ವರ್ಷಾ ಪೇಟಿ ಒಳಗ ಬಿಡಲಿಲ್ಲ, ಆದ್ರೂ ನಾಟಕದಾಗ, ಭಜನ್ಯಾಗ ಪೇಟಿನ ಗೆದ್ದಿತು. ಸಾರಂಗಿ ಹೋತು. ಮರಾಠಿ ನಾಟಕದ ಬಾಲಗಂಧರ್ವರ ಹಿಂದ ಕಾದರಬಕ್ಷರ ಸಾರಂಗಿ ಇತ್ತು ಅಂತ ಕೇಳಿ ಬೆಳದಾವರು ನಾವು. ಈಗ ನಮ್ಮ ಕಡಿ ಸಾರಂಗಿ ಹಚ್ಚಾಕ ಬರೂ ಒಬ್ಬನ್ನ ತೋರಸು.

ಹುಡುಗಿ: ನಮ್ಮಲ್ಲೂ ದಾರ ಹರದೇತಿ ಅಂತ ನೀವ ಹೇಳಿದಂಗ ಆತಲ್ಲರಿ.

ಹಿರಿಯರು ಸ್ವಲ್ಪ ಹೊತ್ತು ಉತ್ತರಿಸಲಿಲ್ಲ. ಹುಡುಗಿಗೆ ಇಲ್ಲಿ ವಾದ ಗೆಲ್ಲುವ ಅವಕಾಶವಿತ್ತು, ಅವಳು ಅದನ್ನು ಹಿಗ್ಗಿಸಲಿಲ್ಲ. ನನ್ನ ಮಟ್ಟಿಗೆ ಇಡೀ ಮಾತಿನ ತಿರುಳು ಇಲ್ಲೇ ಇದೆ. ಒಬ್ಬ ಕಲಾವಿದೆಯ ಬದುಕು ಅವಳ ಕೈಚಳಕದ ಮೇಲಷ್ಟೇ ನಿಂತಿರುವುದಿಲ್ಲ. ತಂತಿ ಹೊಸೆಯುವವರು, ಕಮಾನು ಮಾಡುವವರು, ಟಿಕೆಟ್ ಕೊಂಡು ಬರುವ ಊರಿನವರು, ಹಳೆಯದನ್ನು ಕಲಿಸಲು ಸಂಬಳ ಕೊಡುವ ಶಾಲೆ, ಇಷ್ಟೆಲ್ಲ ಸುತ್ತ ಇದ್ದರೆ ಇನ್ನೂರು ವರ್ಷಕ್ಕೂ ಹಿಂದೆ ಹರಿದುಹೋದದ್ದೂ ಎದ್ದು ನಿಲ್ಲುತ್ತದೆ. ಅವು ಇಲ್ಲದಿದ್ದರೆ ಕಣ್ಣೆದುರಿಗಿರುವ ಸಾರಂಗಿಯೂ ಹೋಗುತ್ತದೆ. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಒಳ್ಳೆಯದೇ. ಆದರೆ ಆ ಗುರುತು ವಾದ್ಯಕ್ಕೆ ಸಿಕ್ಕಿದ್ದು. ನಾಟಕದ ಪದಕ್ಕೆ ವಯೋಲಿನ್ ಹಿಡಿಯುವ ಈ ಹಿರಿಯರ ಕೈಗೆ ಯಾವ ಗುರುತೂ ಇಲ್ಲ, ಅವರ ನಂತರ ಅದನ್ನು ಹಿಡಿಯುವವರೂ ಸುತ್ತ ಕಾಣುತ್ತಿಲ್ಲ.

ಹಿರಿಯರು: ಒಂದ ಏನರ ಬಾರಸಿ ತೋರಸು. ಮಾತ ಭಾಳ ಆತು.

ಹುಡುಗಿ: ಬಿಬರ್ ಅಂತ ಸಾಲ್ಜ್‌ಬರ್ಗ್‌ನವನು. 1676ರ ಸುಮಾರಿಗೆ ಜಪಮಾಲಿ ಮ್ಯಾಲ ಹದಿನೈದ ಸೊನಾಟಾ ಬರದ. ಮೊದಲನೇದ ಬಿಟ್ಟ ಉಳದ ಎಲ್ಲಾದಕ್ಕೂ ತಂತಿ ಬ್ಯಾರೆ ಬ್ಯಾರೆ ಶ್ರುತಿಗೆ ಹಚ್ಚಬೇಕ. ನಾವ ಸಾ-ಪಾ-ಸಾ-ಪಾ ಹಚ್ಚಿದಾಂಗ, ವಾದ್ಯದ ನಾದನ ಬದಲಾಗತೈತಿ. ಕಡೀಕ ಒಂದ ಪಸ್ಸಕಾಲಿಯಾ ಐತಿ, ವಯೋಲಿನ್ ಒಂದಕ್ಕ. ಕೆಳಗ ನಾಕ ಸ್ವರಾ ಅಷ್ಟ: ಸಾ, ಕೋಮಲ ನಿ, ಕೋಮಲ ಧ, ಪ. ಅದ ನಾಕು 65 ಸಲ ಬರತಾವು. ಮ್ಯಾಲ ಎಲ್ಲಾ ಬದಲಾಗಕೋತ ಹೋಗತೈತಿ.

ಹಿರಿಯರು: ಲೆಹರಾ!

ಹುಡುಗಿ: ಲೆಹರಾ. ಆದ್ರ ಲೆಹರಾ ಹಿಡಿಯೂದೂ ಒಂದ ಕೈ, ತಬಲಾ ಬಾರಸೂದೂ ಅದ ಕೈ.

ಅವಳು ಬಾರಿಸಿದಳು. ಹಿರಿಯರು ಆ ನಾಲ್ಕು ಸ್ವರಗಳನ್ನು ಬಾಯಲ್ಲಿ ಹಿಡಿದು, ತೊಡೆಯ ಮೇಲೆ ತಾಳ ಹಾಕುತ್ತ ಕೊನೆಯವರೆಗೂ ಬಿಡಲಿಲ್ಲ.

ಹಿರಿಯರು: ಆಸಾವರಿ ಅವರೋಹದ ಅರ್ಧಾ ಐತಿ ಇದು. ಖುಷಿ ಆತು, ಸುಳ್ಳ ಹೇಳೂದಿಲ್ಲ. ಆದ್ರ ಕೇಳು. ಆಸಾವರಿ ಆಗಿದ್ರ ಆ ಪಂಚಮದ ಮ್ಯಾಲ ನಿಂತ, ಮತ್ತ ಧೈವತಕ್ಕ ಹೋಗಿ ಅದನ್ನ ತೂಗಬೇಕನಸ್ತೈತಿ. ನೀ ತೂಗಲಿಲ್ಲ. ಅಲ್ಲೆ ನಾಕನೇ ಸ್ವರಾ ಮುಟ್ಟಿದ ಕೂಡಲೆ ಮತ್ತ ಮ್ಯಾಲಿಂದ ಸುರು. ನಿನ್ನ ಕೈಗೆ ತೂಗೂದು ಬರತೈತಿ, ನಾನ ಕಲಸೇನಿ. ಅದನ್ನ ಮುಚ್ಚಿ ಇಟ್ಟಕೊಂಡ ಬಾರಸಿದಿ. ಜೀವನಾ ಪೂರ್ತಿ ಹಿಂಗ ಮುಚ್ಚಿ ಇಟ್ಟಕೋತಿಯೇನು?

ಹುಡುಗಿ: ಅದಕ್ಕ ನನ್ನ ಹತ್ರ ಉತ್ತರ ಇಲ್ಲರಿ. ತೂಗಿದ್ರ ಅವರ ಸಂಗೀತ ಕೆಡತೈತಿ. ತೂಗದಿದ್ರ ನನ್ನ ಕೈ ಬಿಗೀತೈತಿ. ಅಲ್ಲಿ ಹುಟ್ಟಿ ಬೆಳದವರಿಗೆ ಈ ತೊಂದ್ರಿ ಇಲ್ಲ.

ಹಿರಿಯರು: ಅವರ ಮನ್ಯಾಗ ನೀ ಯಾವಾಗ್ಲೂ ಪಾವಣಿ ಆಗಿರತಿ.

ಹುಡುಗಿ: ಅಬ್ದುಲ್ ಕರೀಮ್ ಖಾನರು ಉತ್ತರದ ಕೈರಾನಾದಿಂದ ಬಂದವರಲ್ಲೇನ್ರಿ? ಮಿರಜ ಅವರ ಊರಾತು. ಸಂಗೀತ ಶಾಕುಂತಲ ಬರದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಗುರ್ಲಹೊಸೂರಿನವರು, ಮರಾಠಿ ಸಂಗೀತ ನಾಟಕಕ್ಕ ತಂದಿ ಆದ್ರು. ನೀವ ಹಿಡಿಯೂ ವಯೋಲಿನ್ನೂ ಸಮುದ್ರ ದಾಟಿ ಬಂದದ್ದು.

ಹಿರಿಯರು: ವಾದ್ಯಾ ಬಂತು, ಹಾಡ ಬರಲಿಲ್ಲ. ಆ ವಾದ ಸಸಾರದ್ದು, ಬಿಡು. ಖಾನಸಾಹೇಬರ ಮಾತ ಬ್ಯಾರೆ. ಅವರು ಇಲ್ಲೆ ನಿಂತರು, ಇಲ್ಲಿಯವರಿಗೆ ಕಲಸಿದ್ರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಇಲ್ಲಿಯ ಮಣ್ಣಿಗೇನ ಕೊಡಬೇಕೋ ಕೊಟ್ಟ ಹೋದ್ರು. ನೀ ಅಲ್ಲೆ ಏನ ಕೊಡತಿ? ಇಲ್ಲಿಗೇನ ತರತಿ?

ಹುಡುಗಿ: ಅಲ್ಲೇನ ಕೊಡತೇನಿ ಅನ್ನೂದು ಗೊತ್ತಿಲ್ಲರಿ. ಇಲ್ಲಿಗೊಂದು ಈಗ ಮಾಡಬಹುದು. ನಾಟಕದ ಪದಕ್ಕ ನೀವ ಹಿಡಿಯೂ ರೀತಿ, ಗಾಯಕ ಉಸರ ತಗೊಳ್ಳೂವಾಗ ಕಮಾನು ಎಲ್ಲೆ ತಿರಗಸ್ತೀರಿ, ಪದ ಮುಗದಮ್ಯಾಲ ಎಷ್ಟ ಹೊತ್ತ ಸ್ವರಾ ಹಿಡೀತೀರಿ, ಇದನ್ನೆಲ್ಲಾ ಬರದ ಇಡೂಣ್ರಿ. ಜೆಮಿನಿಯಾನಿ ಮಾಡಿದ್ದು ಅದ.

ಹಿರಿಯರು: ಬರದ್ರ ಅದು ಸಾಯತೈತಿ.

ಹುಡುಗಿ: ಸಾರಂಗಿಯವರದು ಯಾರೂ ಬರೀಲಿಲ್ಲ, ಅದೂ ಉಳೀಲಿಲ್ಲ.

ಹಿರಿಯರು: ಹ್ಮ್. ಎರಡ ಪದ ಕೊಡತೇನಿ. ಎರಡ ಅಷ್ಟ. ಮೊದಲ ಬಾಯಿಲೆ ಕಲಿ, ಕೈಯಾಗ ಕೂಡಲಿ, ಆಮ್ಯಾಲ ಬರಿ. ಕೇಳಿ ಬರಿಯೂದು ಬ್ಯಾಡ.

ಹುಡುಗಿ: ಸೆಪ್ಟೆಂಬರದಾಗ ಅಲ್ಲೆ ಕ್ಲಾಸ್ ಸುರು ಆಗತಾವ್ರಿ. ಎರಡ ಪದ ಕೂಡಾಕ ಎಷ್ಟ ದಿನಾ ಬೇಕು?

ಹಿರಿಯರು: ನನಗ ಒಂದಕ್ಕ ಒಂದ ಚಳಿಗಾಲ ಹಿಡದಿತ್ತು.

ಹುಡುಗಿ: ಹಂಗಾದ್ರ ಈಗ ರೆಕಾರ್ಡ್ ಮಾಡಕೋತೇನ್ರಿ, ರಜಾಕ್ಕ ಬಂದಾಗ ಕೂತ ಕಲೀತೇನಿ.

ಹಿರಿಯರು: ಅದನ್ನ ಬ್ಯಾಡ ಅಂದೆ. ನಾಳೆ ಮುಂಜಾನೆ ಆರಕ್ಕ ಬಾ, ಮಶೀನ್ ಮನ್ಯಾಗ ಬಿಟ್ಟ ಬಾ.

ಹುಡುಗಿ: ಮಶೀನ್ ತರತೇನ್ರಿ. ಹಚ್ಚೂದೋ ಬಿಡೂದೋ ನೀವ ಹೇಳ್ರಿ.